ತಂಬೂರಿ ಮಧ್ಯೆ "ಟಕ್" ಅನ್ನುತ್ತದೆ, ಹೆಸರು ಅರ್ಧಕ್ಕೆ ನಿಲ್ಲುತ್ತದೆ: ತಪ್ಪು ಫೂಬಾರ್‌ನದಾ, ಫೈಲಿನದಾ?

ಕೋಥ್ರೂಡ್ ಮನೆ, ಪುಣೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಹುಬ್ಬಳ್ಳಿ ಕಡೆಯವರು. ಕೆಲಸಕ್ಕೆ ಅಂತ ಖಡಕಿಗೆ ಬಂದವರು ಇಲ್ಲೇ ಉಳಿದರು. ರೇಡಿಯೋದಲ್ಲಿ ಒಳ್ಳೆ ಸಂಗೀತ ಬಂದರೆ ಕ್ಯಾಸೆಟ್ಟಿಗೆ ಹಿಡಿದಿಡುವುದು ಅವರ ಅಭ್ಯಾಸ. ರಜೆಯಲ್ಲಿ ಊರಿಗೆ ಹೋದಾಗ ಧಾರವಾಡ ಆಕಾಶವಾಣಿ, ಇಲ್ಲಿದ್ದಾಗ ಪುಣೆ ಕೇಂದ್ರ. ಮನ್ಸೂರರು, ಗಂಗೂಬಾಯಿ, ಬಸವರಾಜ ರಾಜಗುರು, ಭೀಮಸೇನರು, ಜೊತೆಗೆ ದಾಸರ ಪದ, ವಚನ, ನಮ್ಮ ಸೋದರತ್ತೆ ಮನೆಯಲ್ಲಿ ಹಾಡಿದ ಸಂಪ್ರದಾಯದ ಹಾಡು. ಒಟ್ಟು 212 ಕ್ಯಾಸೆಟ್. ಅಪ್ಪ ಹೋದ ಮೇಲೆ ಒಂದು ಅಂಗಡಿಗೆ ಕೊಟ್ಟು ಎಲ್ಲವನ್ನೂ ಎಂಪಿ3 ಮಾಡಿಸಿದೆ. ಒಂದೊಂದು ಬದಿಯನ್ನೂ ಹತ್ತತ್ತು ನಿಮಿಷದ ತುಂಡು ಮಾಡಿ ಕೊಟ್ಟಿದ್ದಾರೆ.

ಈಗ ಕಂಪ್ಯೂಟರಿನಲ್ಲಿ ಫೂಬಾರ್2000 ಅನ್ನುವ ಪ್ಲೇಯರ್ ಹಾಕಿಕೊಂಡು ಕೇಳುತ್ತಿದ್ದೇನೆ. ತೊಂದರೆ ಮೂರು ನಾಲ್ಕು ಇವೆ. ಅರ್ಧ ಫೈಲುಗಳ ಹೆಸರು ಕನ್ನಡದಲ್ಲಿ ಕಾಣುವುದೇ ಇಲ್ಲ, ಇಂಗ್ಲಿಷ್ ಅಕ್ಷರಕ್ಕೆ ಟೋಪಿ ತೊಡಿಸಿದ ಹಾಗೆ ಏನೇನೋ ಬರುತ್ತದೆ. ಅದೇ ಫೈಲು ಮಗನ ಲ್ಯಾಪ್‌ಟಾಪಿನಲ್ಲಿ ಬೇರೆ ಪ್ಲೇಯರ್‌ನಲ್ಲಿ ಹಾಕಿದರೆ ಕನ್ನಡ ಕಾಣುತ್ತದೆ, ಆದರೆ "ಮಲ್ಲಿಕಾರ್ಜ" ಅಂತ ನಿಂತುಬಿಡುತ್ತದೆ. ಕೆಲವು ಫೈಲು 10 ನಿಮಿಷದ್ದು ಅರ್ಧ ಗಂಟೆ ಅಂತ ತೋರಿಸುತ್ತದೆ. ಎಲ್ಲಕ್ಕಿಂತ ಸಂಕಟ ಆಗುವುದು ಇದು: ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ತಂಬೂರಿ ಒಂದು ಕ್ಷಣ ಮುಗ್ಗರಿಸುತ್ತದೆ. "ಟಕ್" ಅಂತ. ಆಲಾಪದ ನಡುವೆ ಅದು ಬಂದರೆ ಎದೆಗೆ ಚುಚ್ಚಿದ ಹಾಗಾಗುತ್ತದೆ.

ಪ್ಲೇಯರ್ ಬದಲಾಯಿಸಬೇಕಾ? ತಿಳಿದವರು ಹೇಳಿ.

ಡೊಂಬಿವಲಿ ಲೋಕಲ್

ಅಕ್ಕ, ಪ್ಲೇಯರ್ ಬದಲಾಯಿಸಬೇಡಿ. ನೀವು ಬರೆದ "ಮಲ್ಲಿಕಾರ್ಜ" ನೋಡಿದ ಕೂಡಲೇ ಗೊತ್ತಾಯಿತು. ಅದು ಫೈಲಿನ ಒಳಗಿನ ಸಮಸ್ಯೆ.

ಎಂಪಿ3 ಫೈಲಿನಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿಡುವ ಜಾಗಕ್ಕೆ ಟ್ಯಾಗ್ ಅಂತಾರೆ. ಇದರ ಮೊದಲ ರೂಪ ಐಡಿ3ವಿ1, 1996ರದ್ದು. ಫೈಲಿನ ಕೊನೆಯ 128 ಬೈಟ್ ಮಾತ್ರ ಅದಕ್ಕೆ ಜಾಗ. ಹಾಡಿನ ಹೆಸರಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ 30 ಅಕ್ಷರ ಹಿಡಿಸುತ್ತದೆ. ಯುಟಿಎಫ್-8 ಅಂದರೆ ಎಲ್ಲಾ ಭಾಷೆಯ ಅಕ್ಷರಗಳನ್ನೂ ಬೈಟ್ ಆಗಿ ಬರೆಯುವ ಒಂದು ಪದ್ಧತಿ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಒತ್ತಕ್ಷರ, ಕಾಗುಣಿತ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. ಅಂದರೆ ಹತ್ತೇ ಸಂಕೇತ. ಎಣಿಸಿ ನೋಡಿ: ಮ, ಲ, ಅರ್ಧಾಕ್ಷರದ ಗುರುತು, ಲ, ಇಕಾರ, ಕ, ದೀರ್ಘ, ರ, ಮತ್ತೆ ಅರ್ಧಾಕ್ಷರದ ಗುರುತು, ಜ. ಹತ್ತು ಮುಗಿಯಿತು. ಉಕಾರಕ್ಕೂ ಜಾಗ ಇಲ್ಲ, ಮನ್ಸೂರರ ಊರಿನ ಹೆಸರಂತೂ ದೂರ ಉಳಿಯಿತು.

ನಿಮ್ಮ ಫೂಬಾರ್‌ನಲ್ಲಿ ಟೋಪಿ ಅಕ್ಷರ ಬರುವುದಕ್ಕೂ ಕಾರಣ ಇದೇ. ಆ ಹಳೆ ಟ್ಯಾಗಿನಲ್ಲಿ "ಇದು ಯಾವ ಲಿಪಿ ಸಂಕೇತ" ಅಂತ ಹೇಳುವ ವ್ಯವಸ್ಥೆಯೇ ಇಲ್ಲ. ಅಂಗಡಿಯ ತಂತ್ರಾಂಶ ಯುಟಿಎಫ್-8 ತುಂಬಿದೆ. ಒಂದು ಪ್ಲೇಯರ್ ಅದನ್ನು ಊಹಿಸಿತು, ಇನ್ನೊಂದು ಪಶ್ಚಿಮದ ಅಕ್ಷರ ಅಂದುಕೊಂಡು ಓದಿತು. ಎರಡನ್ನೂ ತಪ್ಪು ಅನ್ನಲಾಗುವುದಿಲ್ಲ.

ಐಡಿ3ವಿ2ರಲ್ಲಿ ಈ ತೊಂದರೆ ಇಲ್ಲ. ಅದು ಫೈಲಿನ ಮುಂಭಾಗದಲ್ಲಿ ಕೂರುತ್ತದೆ, ಉದ್ದ ಎಷ್ಟು ಬೇಕಾದರೂ ಬರೆಯಬಹುದು. 2.3ರಲ್ಲಿ ಕನ್ನಡ ಬೇಕಾದರೆ ಯುಟಿಎಫ್-16, 2.4ರಲ್ಲಿ ಯುಟಿಎಫ್-8 ಕೂಡ ಆಗುತ್ತದೆ. ಹಳೆ ಕಾರ್ ಸ್ಟೀರಿಯೋ, ಹಳೆ ವಿಂಡೋಸ್‌ಗಳಿಗೆ 2.3 ಚೆನ್ನಾಗಿ ಅರ್ಥ ಆಗುತ್ತದೆ, ಅದನ್ನೇ ಇಟ್ಟುಕೊಳ್ಳಿ. ಫೂಬಾರ್‌ನಲ್ಲಿ ಫೈಲುಗಳನ್ನು ಆರಿಸಿ ಬಲ ಕ್ಲಿಕ್ ಮಾಡಿ, ಟ್ಯಾಗಿಂಗ್ ಒಳಗೆ "ಎಂಪಿ3 ಟ್ಯಾಗ್ ಟೈಪ್ಸ್" ಇದೆ. ಅಲ್ಲಿ ವಿ2 ಮಾತ್ರ ಅಂತ ಆರಿಸಿ. ಆಮೇಲೆ ಹೆಸರನ್ನು ಪೂರ್ತಿಯಾಗಿ ಮತ್ತೆ ಬರೆಯಿರಿ. ಕತ್ತರಿಸಿ ಹೋದದ್ದು ತಾನಾಗಿ ವಾಪಸ್ ಬರುವುದಿಲ್ಲ, ಅದನ್ನು ನೀವೇ ಬರೆಯಬೇಕು. ಕ್ಯಾಸೆಟ್ಟಿನ ಕಾರ್ಡುಗಳನ್ನು ಎಸೆದಿಲ್ಲ ತಾನೇ?

ಕೋಥ್ರೂಡ್ ಮನೆ, ಪುಣೆ

ಇಲ್ಲಪ್ಪ, ಒಂದೂ ಎಸೆದಿಲ್ಲ. ಎಲ್ಲಾ ಅಪ್ಪನ ಅಕ್ಷರದಲ್ಲೇ ಇವೆ. ರಾಗ, ತಾಳ, ಸಾಥಿಗೆ ಯಾರು, ಯಾವ ತಾರೀಕು ಎಲ್ಲಾ ಬರೆದಿದ್ದಾರೆ. ಬಹಳ ಉಪಕಾರ ಆಯಿತು. ತಂಬೂರಿಯದ್ದು ಏನು?

ಠಾಣೆ ಧ್ವನಿ

ತಂಬೂರಿಯದ್ದು ನಾನು ಹೇಳುತ್ತೇನೆ ಮೇಡಂ. ರೆಕಾರ್ಡಿಂಗ್ ಕೆಲಸದಲ್ಲೇ ಇದ್ದೆ.

ಎಂಪಿ3 ಧ್ವನಿಯನ್ನು ಒಂದೇ ಉದ್ದದ ಚೌಕಟ್ಟುಗಳಲ್ಲಿ ಕಟ್ಟಿಡುತ್ತದೆ. ಒಂದು ಚೌಕಟ್ಟಿನಲ್ಲಿ 1152 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಅಳತೆಗಳು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ಸುಮಾರು 26 ಮಿಲಿಸೆಕೆಂಡ್. ನಿಮ್ಮ ತುಂಡು ಸರಿಯಾಗಿ ಚೌಕಟ್ಟಿನ ಅಂಚಿಗೇ ಮುಗಿಯಬೇಕಲ್ಲ, ಮುಗಿಯುವುದಿಲ್ಲ. ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಶುರುವಿನಲ್ಲೂ ಎನ್‌ಕೋಡರ್ (ಎಂಪಿ3 ಮಾಡುವ ತಂತ್ರಾಂಶ) ತನ್ನ ಲೆಕ್ಕಾಚಾರಕ್ಕೆ ಅಂತ ಸ್ವಲ್ಪ ಮೌನ ಸೇರಿಸುತ್ತದೆ. ಒಂದರ ಕೊನೆಯ ಮೌನ, ಇನ್ನೊಂದರ ಶುರುವಿನ ಮೌನ, ಎರಡೂ ಸೇರಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು ಆಗಬಹುದು. ಸಿನಿಮಾ ಹಾಡಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಒಂದು ಹಾಡು ಮುಗಿದು ಇನ್ನೊಂದು ಬರುತ್ತದೆ ಅಷ್ಟೆ. ಆದರೆ ತಂಬೂರಿ ನಿಲ್ಲದ ನಾದ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಕಿವಿ ಹಿಡಿದುಬಿಡುತ್ತದೆ. ನಿಮ್ಮ ಕಿವಿ ಸರಿಯಾಗಿದೆ.

ಲೇಮ್ ಅನ್ನುವ ಎನ್‌ಕೋಡರ್ ಬಳಸಿದ್ದರೆ "ಶುರುವಿನಲ್ಲಿ ಇಷ್ಟು, ಕೊನೆಯಲ್ಲಿ ಇಷ್ಟು ಮೌನ ತುಂಬಿದ್ದೇನೆ" ಅಂತ ಅದು ಮೊದಲ ಚೌಕಟ್ಟಿನಲ್ಲಿ ಬರೆದಿಡುತ್ತದೆ. ಫೂಬಾರ್ ಅದನ್ನು ಓದಿ ಆ ಮೌನವನ್ನು ಕತ್ತರಿಸಿಯೇ ನುಡಿಸುತ್ತದೆ. ಗ್ಯಾಪ್‌ಲೆಸ್ ಅನ್ನುವುದು ಇದಕ್ಕೇ. ನಿಮ್ಮ ಫೈಲುಗಳಲ್ಲಿ ಆ ಬರಹ ಇಲ್ಲ ಅಂತ ಕಾಣುತ್ತದೆ. ಬರೆದಿಡದ್ದನ್ನು ಪ್ಲೇಯರ್ ಹೇಗೆ ಓದುತ್ತದೆ ಹೇಳಿ. ಎಲ್ಲಾ ಪ್ಲೇಯರ್‌ಗಳೂ ಇಷ್ಟೂ ಮಾಡುವುದಿಲ್ಲ ಅನ್ನುವುದೂ ನಿಜ. ವಿಎಲ್‌ಸಿಯ 3ನೇ ಸರಣಿಯಲ್ಲಿ ಗ್ಯಾಪ್‌ಲೆಸ್ ಇಲ್ಲ, ಅದರಲ್ಲಿ ಸರಿಯಾದ ಫೈಲು ಹಾಕಿದರೂ ನಡುವೆ ಬಿಡುವು ಬರುತ್ತದೆ. ವಿಡಿಯೋಗೆ ಅದು ಬಹಳ ಒಳ್ಳೆಯದು, ಖಯಾಲ್ ಕೇಳುವುದಕ್ಕೆ ಫೂಬಾರ್ ಇರಲಿ.

10 ನಿಮಿಷ ಅರ್ಧ ಗಂಟೆ ಆಗುವುದು ಬೇರೆ ವಿಷಯ. ಅವು ವಿಬಿಆರ್ ಫೈಲು. ಮೌನ ಇದ್ದಲ್ಲಿ ಕಡಿಮೆ ಬಿಟ್, ಹಾಡು ಇದ್ದಲ್ಲಿ ಜಾಸ್ತಿ ಬಿಟ್. ಒಟ್ಟು ಎಷ್ಟು ಚೌಕಟ್ಟು ಅಂತ ಹೇಳುವ ಹೆಡರ್ ಇಲ್ಲದಿದ್ದರೆ ಪ್ಲೇಯರ್ ಮೊದಲ ಚೌಕಟ್ಟನ್ನು ನೋಡಿ ಅಂದಾಜು ಹಾಕುತ್ತದೆ. ಟೇಪು ಶುರುವಿನಲ್ಲಿ ಖಾಲಿ ಓಡುತ್ತದೆ ಅಲ್ವಾ, ಅಲ್ಲಿ 32 ಕಿಲೋಬಿಟ್ ಇದ್ದು ಮುಂದೆ ಸರಾಸರಿ 96 ಇದ್ದರೆ ಲೆಕ್ಕ ಮೂರು ಪಟ್ಟು ಆಗುತ್ತದೆ. ಹತ್ತು ನಿಮಿಷ ಮೂವತ್ತಾಯಿತು. ಮಧ್ಯಕ್ಕೆ ಎಳೆದರೆ ಬೇರೆಲ್ಲೋ ಹೋಗಿ ಬೀಳುವುದೂ ಇದಕ್ಕೇ. ಬಲ ಕ್ಲಿಕ್ ಮಾಡಿದರೆ ಯುಟಿಲಿಟೀಸ್ ಒಳಗೆ "ಫಿಕ್ಸ್ ವಿಬಿಆರ್ ಎಂಪಿ3 ಹೆಡರ್" ಇದೆ. ಒಂದು ಫೈಲಿನ ನಕಲು ಮಾಡಿ ಅದರ ಮೇಲೆ ಮೊದಲು ಪ್ರಯೋಗಿಸಿ ನೋಡಿ.

ಆದರೆ ಬಿರುಕು ಹೋಗಬೇಕಾದರೆ ಮೂಲಕ್ಕೇ ಹೋಗಬೇಕು. ಅಂಗಡಿಯವರು ಡಬ್ಲ್ಯೂಎವಿ ಫೈಲು, ಅಂದರೆ ಕುಗ್ಗಿಸದ ಧ್ವನಿ, ಕೊಟ್ಟಿದ್ದಾರಾ? ಡಿವಿಡಿ ಏನಾದರೂ?

ಕೋಥ್ರೂಡ್ ಮನೆ, ಪುಣೆ

ಡಿವಿಡಿ ಒಂದು ಡಬ್ಬಿ ತುಂಬ ಇವೆ. "ಇದು ಸುಮ್ನೆ ಬ್ಯಾಕಪ್, ನಿಮಗೆ ಬೇಡ" ಅಂದಿದ್ದರು. ಈಗಷ್ಟೇ ಒಂದು ಹಾಕಿ ನೋಡಿದೆ. ಒಂದೊಂದು ಬದಿಗೆ ಒಂದೇ ದೊಡ್ಡ ಫೈಲು, 470 ಎಂಬಿ ಮೇಲಿದೆ.

ಠಾಣೆ ಧ್ವನಿ

ಅದೇ ಮೇಡಂ! ಸಿ-90ರ ಒಂದು ಬದಿ 45 ನಿಮಿಷ, ನಿಮಿಷಕ್ಕೆ 10 ಎಂಬಿ ಚಿಲ್ಲರೆ, ಲೆಕ್ಕ ಸರಿಹೋಯಿತು. ಅದೇ ಮೂಲ. ಇವತ್ತೇ ಎಲ್ಲಾ ಡಿವಿಡಿಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಎರಡು ಕಡೆ ಇಡಿ. ನಮ್ಮ ಮಳೆಗಾಲದ ತೇವಕ್ಕೆ ಡಿವಿಡಿಗಳು ಬಹಳ ಕಾಲ ತಾಳುತ್ತವೆ ಅಂತ ನಂಬಬೇಡಿ.

ಆಮೇಲೆ ಅವನ್ನು ಫ್ಲ್ಯಾಕ್ ಮಾಡಿ. ಫ್ಲ್ಯಾಕ್‌ನಲ್ಲಿ ಒಂದು ಸ್ಯಾಂಪಲ್ಲೂ ಹೋಗುವುದಿಲ್ಲ, ಸೇರುವುದೂ ಇಲ್ಲ, ಹಾಗಾಗಿ ಎಲ್ಲಿ ಕತ್ತರಿಸಿದರೂ ಬಿರುಕಿಲ್ಲ. ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಟೇಪಿನ "ಸ್" ಅನ್ನುವ ಸದ್ದು ಜಾಸ್ತಿ ಇದ್ದರೆ ಅಷ್ಟು ಇಳಿಯುವುದಿಲ್ಲ. ಫೂಬಾರ್‌ನ ಕನ್ವರ್ಟರ್ ಸಾಕು, ಆದರೆ ಎನ್‌ಕೋಡರ್ ಪ್ಯಾಕ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದಿಲ್ಲದೆ ಕನ್ವರ್ಟ್ ಒತ್ತಿದರೆ "ಎನ್‌ಕೋಡರ್ ಎಲ್ಲಿದೆ ತೋರಿಸು" ಅಂತ ಕೇಳುತ್ತದೆ. ಹೊಸಬರು ಅಲ್ಲೇ ಕೈಬಿಡುತ್ತಾರೆ, ನೀವು ಬಿಡಬೇಡಿ. ಇನ್ನೊಂದು ಮಾತು. 2023ರಲ್ಲಿ ಬಂದ 2.0 ಆವೃತ್ತಿಗೆ 64 ಬಿಟ್ ರೂಪವೂ ಇದೆ. ಅದನ್ನು ಹಾಕಿಕೊಂಡರೆ ಪ್ಲೇಯರಿಗೆ ಹೊರಗಿನಿಂದ ಸೇರಿಸುವ ಹಳೆಯ 32 ಬಿಟ್ ಕಾಂಪೊನೆಂಟ್‌ಗಳು ಓಡುವುದಿಲ್ಲ. ಯಾರಾದರೂ ಕೊಟ್ಟ ಹಳೆ ಕಾಂಪೊನೆಂಟ್ ಬೇಕೇ ಬೇಕು ಅನ್ನುವವರು 32 ಬಿಟ್ಟಿನದ್ದನ್ನೇ ಇಳಿಸಿಕೊಳ್ಳಲಿ.

ಘಾಟ್‌ಕೋಪರ್ ಚೆಂಡೆ

ನಮಸ್ಕಾರ. ನನ್ನ ಹತ್ತಿರ ಇರುವುದು ಯಕ್ಷಗಾನ. ಇಲ್ಲಿ ಮುಂಬೈಗೆ ಮಳೆಗಾಲದಲ್ಲಿ ಮೇಳಗಳು ಬಂದಾಗ ಮಾವ ಹಿಡಿದಿಟ್ಟದ್ದು. ಅಕ್ಕ, ನೀವು ಮುಂದೆ ಎದುರಿಸುವ ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ: ಸದ್ದಿನ ಏರಿಳಿತ. ಒಂದು ಟೇಪು ಪಿಸುಗುಟ್ಟುತ್ತದೆ, ಇನ್ನೊಂದು ಕಿರುಚುತ್ತದೆ. ಅದಕ್ಕೆ ರಿಪ್ಲೇಗೇನ್ ಇದೆ. ಹಾಡಿನ ಸದ್ದನ್ನು ಅಳೆದು "ಇಷ್ಟು ಏರಿಸು, ಇಷ್ಟು ಇಳಿಸು" ಅಂತ ಒಂದು ಅಂಕಿಯನ್ನು ಟ್ಯಾಗಿನಲ್ಲಿ ಬರೆಯುತ್ತದೆ. ಧ್ವನಿಯನ್ನು ಮುಟ್ಟುವುದಿಲ್ಲ, ಆದ್ದರಿಂದ ಬೇಡ ಅನಿಸಿದರೆ ಅಂಕಿ ಅಳಿಸಿದರೆ ಮುಗಿಯಿತು.

ನಾನು ಮೊದಲು ಟ್ರ್ಯಾಕ್ ಗೇನ್ ಇಟ್ಟಿದ್ದೆ. ಒಂದು ರಾತ್ರಿ ಹಾಕಿ ಕೂತೆ. ಭಾಗವತರು ಚೆಂಡೆ ಇಲ್ಲದೆ ಶೃಂಗಾರದ ಪದ ಎತ್ತಿಕೊಂಡ ತುಂಡು, ಆಮೇಲೆ ಯುದ್ಧದ ತುಂಡು. ಎರಡೂ ಒಂದೇ ಗಟ್ಟಿ! ಯುದ್ಧಕ್ಕೆ ಚೆಂಡೆ ಬಿದ್ದಾಗ ಮೈ ಜುಮ್ ಅನ್ನಬೇಕು, ಏನೂ ಆಗಲಿಲ್ಲ. ಟ್ರ್ಯಾಕ್ ಗೇನ್ ಒಂದೊಂದು ಫೈಲನ್ನೂ ಬೇರೆಯಾಗಿ ಒಂದೇ ಮಟ್ಟಕ್ಕೆ ತರುತ್ತದೆ. ಆಲ್ಬಮ್ ಗೇನ್ ಆದರೆ ಇಡೀ ಪ್ರಸಂಗಕ್ಕೆ ಒಂದೇ ಅಂಕಿ, ಒಳಗಿನ ಏರಿಳಿತ ಹಾಗೇ ಉಳಿಯುತ್ತದೆ. ನಿಮ್ಮ ವಿಲಂಬಿತ್ ಮತ್ತು ದ್ರುತ್‌ಗೂ ಇದೇ ಮಾತು. ಸ್ಕ್ಯಾನ್ ಮಾಡುವಾಗ ಒಂದು ಕಚೇರಿಯ ತುಂಡುಗಳನ್ನೆಲ್ಲ ಒಟ್ಟಿಗೆ ಆರಿಸಿ, ಒಂದು ಆಲ್ಬಮ್ ಅಂತ ಸ್ಕ್ಯಾನ್ ಮಾಡಿ. ಕ್ಲಿಪ್ಪಿಂಗ್ ತಡೆಯುವ ಆಯ್ಕೆಯನ್ನೂ ಹಾಕಿಡಿ, ಇಲ್ಲದಿದ್ದರೆ ಸಣ್ಣ ಸದ್ದಿನ ಟೇಪನ್ನು ಏರಿಸಿದಾಗ ನಡುವೆ ಬರುವ ಒಂದು ಜೋರು ಪೆಟ್ಟು ಒಡೆದು ಕೇಳುತ್ತದೆ.

ಶಫಲ್ ಕೂಡ ಹಾಗೇ. ಫೂಬಾರ್‌ನಲ್ಲಿ ರ್ಯಾಂಡಮ್ ಬೇರೆ, ಶಫಲ್ ಬೇರೆ. ರ್ಯಾಂಡಮ್ ಇಟ್ಟರೆ ಈಗ ಕೇಳಿದ್ದೇ ಮತ್ತೆ ಬರಬಹುದು. "ಶಫಲ್ ಆಲ್ಬಮ್ಸ್" ಇಡಿ, ಕಚೇರಿ ಕಲಸುತ್ತದೆ, ಒಳಗಿನ ಕ್ರಮ ಕಲಸುವುದಿಲ್ಲ.

ಮಾಟುಂಗಾ ರಾಯರು

ಓದುತ್ತಾ ಬಂದೆ. ನನ್ನದೂ ಒಂದು ಕೇಳಿ. 2003ರ ಸುಮಾರಿಗೆ ನಾನು ಸುಮಾರು 600 ಫೈಲುಗಳಿಗೆ ಕನ್ನಡದಲ್ಲೇ ಹೆಸರು ಬರೆದೆ, ಆಗಿನ ನುಡಿ ಫಾಂಟಿನಲ್ಲಿ. ಆಗ ಪ್ಲೇಯರಿನ ಪಟ್ಟಿಗೆ ಆ ಫಾಂಟ್ ಆರಿಸಿದರೆ ಮುದ್ದಾಗಿ ಕಾಣುತ್ತಿತ್ತು. ಇವತ್ತು ಯಾವ ಪ್ಲೇಯರ್‌ನಲ್ಲಿ ತೆರೆದರೂ ಇಂಗ್ಲಿಷ್ ಚಿಹ್ನೆಗಳ ಕಿಚಡಿ. ಇವು 30 ಬೈಟಿನ ತೊಂದರೆಯಲ್ಲ, ಹೆಸರು ಪೂರ್ತಿಯಾಗಿದೆ. ಪ್ಲೇಯರ್ ಸರಿಮಾಡಬಹುದೇ?

ಡೊಂಬಿವಲಿ ಲೋಕಲ್

ರಾಯರೇ, ಪ್ಲೇಯರ್ ಮಾಡಲಾರದು. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಯೇ. ಆದರೆ ಏನೂ ಕಳೆದುಹೋಗಿಲ್ಲ, ಅದೇ ಸಂತೋಷದ ವಿಷಯ. ಹೆಸರುಗಳನ್ನೆಲ್ಲ ಒಂದು ಪಠ್ಯ ಫೈಲಿಗೆ ನಕಲು ಮಾಡಿ, ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಕೊಡಿ, ಬಂದದ್ದನ್ನು ಅದೇ ಕ್ರಮದಲ್ಲಿ ವಾಪಸ್ ಅಂಟಿಸಿ. ಒಂದು ಎಚ್ಚರ: ಹೆಸರಿನ ನಡುವೆ ನಿಜವಾದ ಇಂಗ್ಲಿಷ್ ಪದ ಬರೆದಿದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಅಂದುಕೊಂಡು ಕೆಡಿಸುತ್ತದೆ. ಅವನ್ನು ಮೊದಲೇ ಬೇರೆ ಎತ್ತಿಡಿ.

ಇನ್ನು ನೀವು ಆಗಿನ ವಿನ್ಯಾಂಪ್ ಪ್ಲೇಯರಿನ ಸ್ಕಿನ್ (ಹೊರನೋಟದ ವಿನ್ಯಾಸ) ಇಷ್ಟ ಅಂತ ಇನ್ನೂ ಇಟ್ಟುಕೊಂಡಿದ್ದರೆ, ಆ ಹಳೆ ಸ್ಕಿನ್‌ಗಳಲ್ಲಿ ಅಕ್ಷರಗಳೇ ಒಂದು ಚಿತ್ರದ ಫೈಲು. ಆ ಚಿತ್ರದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇರುವುದು. ಯುನಿಕೋಡ್ ಹಾಕಿದರೂ ಅದರಲ್ಲಿ ಕನ್ನಡ ಬರುವುದಿಲ್ಲ, ಬಿಟ್‌ಮ್ಯಾಪ್ ಫಾಂಟ್ ಆಯ್ಕೆ ತೆಗೆದುಹಾಕಬೇಕು.

ವಾಸ್ಕೋ ಬಂದರು, ಗೋವಾ

ಗೋವಾದಿಂದ ನಾನು. ಲಿನಕ್ಸ್ ಬಳಸುತ್ತೇನೆ. ಎರಡು ದಿನ ನನ್ನ ತಲೆ ತಿಂದ ಒಂದು ವಿಚಿತ್ರ ಇದೆ, ಬೇರೆಯವರಿಗೆ ಆಗದಿರಲಿ ಅಂತ ಬರೆಯುತ್ತೇನೆ.

ಪಟ್ಟಿಯಲ್ಲಿ "ಗೋವಿಂದ" ಅಂತ ಕಣ್ಣೆದುರೇ ಇದೆ. ಹುಡುಕುವ ಪೆಟ್ಟಿಗೆಯಲ್ಲಿ "ಗೋವಿಂದ" ಅಂತ ಬರೆದರೆ ಸಿಗುವುದಿಲ್ಲ. "ವಿಂದ" ಅಂದರೆ ಸಿಗುತ್ತದೆ! ಕೊನೆಗೆ ಗೊತ್ತಾಯಿತು. ಆ ಫೈಲುಗಳು ಅಣ್ಣನ ಹಳೆ ಮ್ಯಾಕ್‌ನಿಂದ ಬಂದದ್ದು. ಟ್ಯಾಗ್ ಇಲ್ಲ, ಫೈಲಿನ ಹೆಸರನ್ನೇ ಪ್ಲೇಯರ್ ತೋರಿಸುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ನಾವು ಕೀಲಿಮಣೆಯಲ್ಲಿ "ಗೋ" ಬರೆದರೆ ಗ ಮತ್ತು ಓಕಾರ, ಎರಡೇ ಸಂಕೇತ. ಮ್ಯಾಕ್ ಅದೇ ಓಕಾರವನ್ನು ಎಕಾರ, ಊಕಾರ, ದೀರ್ಘದ ಗುರುತು ಅಂತ ಮೂರಾಗಿ ಬಿಡಿಸುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಕಾರ, ಓಕಾರ, ಏಕಾರ, ಈಕಾರ, ಐಕಾರ ಇರುವ ಹೆಸರುಗಳೆಲ್ಲ ಹೀಗೆ ತಪ್ಪಿಸಿಕೊಳ್ಳುತ್ತವೆ. 2017ರಿಂದ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ವ್ಯವಸ್ಥೆ ನಾವು ಕೊಟ್ಟ ಹೆಸರನ್ನು ಕೊಟ್ಟ ಹಾಗೇ ಇಡುತ್ತದೆ, ಆದರೆ ಹಳೆಯ ಡಿಸ್ಕುಗಳು ಎಲ್ಲರ ಮನೆಯಲ್ಲೂ ಇವೆ. ಹೆಸರುಗಳನ್ನು ಸೇರಿಸಿದ ರೂಪಕ್ಕೆ ತಂದ ಮೇಲೆ ಎಲ್ಲಾ ಸಿಕ್ಕಿತು.

ಇನ್ನೊಂದು. ವಿಂಡೋಸ್‌ನಿಂದ ನನ್ನ ಡಿಸ್ಕಿಗೆ ನಕಲು ಮಾಡುವಾಗ ಕೆಲವು ಫೈಲು "ಹೆಸರು ಉದ್ದವಾಯಿತು" ಅಂತ ನಿಂತವು. ವಿಂಡೋಸಿನಲ್ಲಿ ಹೆಸರಿಗೆ 255 ಸಂಕೇತ ಆಗುತ್ತದೆ. ಲಿನಕ್ಸಿನ ಎಕ್ಸ್‌ಟಿ4ನಲ್ಲಿ 255 ಬೈಟ್. ಕನ್ನಡಕ್ಕೆ ಮೂರರಿಂದ ಭಾಗಿಸಿ, 85 ಸಂಕೇತ ಅಷ್ಟೆ. ಅಕ್ಕ, ನೀವು ರಾಗ, ತಾಳ, ಸಾಥಿದಾರರು, ತಾರೀಕು ಎಲ್ಲವನ್ನೂ ಫೈಲಿನ ಹೆಸರಿಗೇ ತುರುಕಬೇಡಿ. ಹೆಸರು ಚಿಕ್ಕದಿರಲಿ, ಉಳಿದದ್ದೆಲ್ಲ ಟ್ಯಾಗಿನಲ್ಲಿ.

ಪ್ಲೇಲಿಸ್ಟ್ ಹೊರಗೆ ಉಳಿಸುವಾಗ ಎಂ3ಯು8 ಅಂತಲೇ ಉಳಿಸಿ, ಅದು ಯುಟಿಎಫ್-8ರಲ್ಲಿ ಬರೆದ ಪಟ್ಟಿ. ಬರೀ ಎಂ3ಯು ಆದರೆ ಕನ್ನಡ ಹೆಸರುಗಳು ಪ್ರಶ್ನೆ ಚಿಹ್ನೆ ಆಗಿಬಿಡಬಹುದು, ಆಮೇಲೆ ಫೈಲು ಸಿಗುವುದಿಲ್ಲ.

ಮಾಟುಂಗಾ ರಾಯರು

ವಾಸ್ಕೋ ತಮ್ಮಾ, ಪ್ಲೇಲಿಸ್ಟ್ ಅಂದದ್ದಕ್ಕೆ ನೆನಪಾಯಿತು. ಹೊಸ ಕಂಪ್ಯೂಟರ್ ಬಂದ ಮೇಲೆ ನನ್ನ ಪ್ಲೇಲಿಸ್ಟ್‌ಗಳೆಲ್ಲ ಸತ್ತಂತೆ ಬಿದ್ದಿವೆ. ಫೈಲುಗಳು ಹೊರಗಿನ ಡಿಸ್ಕಿನಲ್ಲಿ ಸುರಕ್ಷಿತ.

ವಾಸ್ಕೋ ಬಂದರು, ಗೋವಾ

ರಾಯರೇ, ಡಿಸ್ಕಿನ ಅಕ್ಷರ ಬದಲಾಗಿರಬೇಕು, ಮೊದಲು ಇ ಇದ್ದದ್ದು ಈಗ ಎಫ್ ಆಗಿರುತ್ತದೆ. ಪ್ಲೇಲಿಸ್ಟ್ ಪೂರ್ತಿ ದಾರಿಯನ್ನು ಹಿಡಿದುಕೊಂಡಿರುತ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆ ಅಕ್ಷರವನ್ನೇ ಮತ್ತೆ ಕೊಡಿ, ಎಲ್ಲಾ ಎದ್ದು ಕೂರುತ್ತವೆ. ಅಲ್ಲಿಯವರೆಗೆ "ರಿಮೂವ್ ಡೆಡ್ ಐಟಮ್ಸ್" ಮಾತ್ರ ಒತ್ತಬೇಡಿ, ಪಟ್ಟಿಯೇ ಖಾಲಿಯಾಗುತ್ತದೆ. ಹಾಡು ಅಳಿಯುವುದಿಲ್ಲ, ನೀವು ವರ್ಷಗಟ್ಟಲೆ ಜೋಡಿಸಿದ ಕ್ರಮ ಹೋಗುತ್ತದೆ.

ಕೋಥ್ರೂಡ್ ಮನೆ, ಪುಣೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ. ಡಿವಿಡಿಗಳಲ್ಲಿ ಐದು ಓದಲಿಲ್ಲ, ಉಳಿದವೆಲ್ಲ ಇಳಿದವು. 80 ಬದಿ ಫ್ಲ್ಯಾಕ್ ಆಗಿವೆ. ನಿನ್ನೆ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಗಂಗೂಬಾಯಿಯವರ ಒಂದು ಪೂರ್ತಿ ಬದಿ ಕೇಳಿದೆವು. ಎಲ್ಲೂ "ಟಕ್" ಇಲ್ಲ. ಹಳೆ ತುಂಡುಗಳಲ್ಲಿ ಇಲ್ಲದ್ದು ಒಂದು ಸಿಕ್ಕಿತು: ಕೊನೆಯಲ್ಲಿ ಉದ್ಘೋಷಕಿ ತಬಲಾ, ಹಾರ್ಮೋನಿಯಂ ಯಾರದ್ದು ಅಂತ ಹೇಳುವುದು. ಅಂಗಡಿಯವರು ಅದನ್ನು ಕತ್ತರಿಸಿ ಎಸೆದಿದ್ದರು. ಜೊತೆಗೆ ಹಾಡಿದವರು ಮಗಳು ಕೃಷ್ಣಾ ಹಾನಗಲ್. ಇಬ್ಬರ ಹೆಸರನ್ನೂ ಕಲಾವಿದರ ಜಾಗದಲ್ಲಿ ಅರ್ಧವಿರಾಮ ಹಾಕಿ ಬರೆದೆ, ಫೂಬಾರ್ ಇಬ್ಬರ ಹೆಸರಿನ ಕೆಳಗೂ ತೋರಿಸುತ್ತಿದೆ.

ಒಂದು ಉಳಿದಿದೆ. ಭೀಮಸೇನ್ ಜೋಶಿ ಅಂತ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ. ಅಕ್ಷರ ಅಕ್ಷರ ನೋಡಿದೆ, ವ್ಯತ್ಯಾಸ ಇಲ್ಲ.

ಡೊಂಬಿವಲಿ ಲೋಕಲ್

ಒಂದನ್ನು ಯಾವುದೋ ಪತ್ರಿಕೆಯ ಪುಟದಿಂದ ನಕಲು ಮಾಡಿದ್ದೀರಾ ಅಕ್ಕ? ಅಲ್ಲಿ "ನ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಮುಂದಿನ ಅಕ್ಷರ ಒತ್ತಾಗದಿರಲಿ ಅಂತ ಹಾಕುವುದು. ಪದದ ಕೊನೆಯಲ್ಲಿ ಅದು ಬೇಕಿಲ್ಲ, ಆದರೂ ಉಳಿದುಬಿಡುತ್ತದೆ. ಎರಡೂ ಗುಂಪಿನ ಫೈಲುಗಳನ್ನು ಒಟ್ಟಿಗೆ ಆರಿಸಿ ಪ್ರಾಪರ್ಟೀಸ್‌ನಲ್ಲಿ ಹೆಸರನ್ನು ಕೈಯಾರೆ ಒಮ್ಮೆ ಬರೆದುಬಿಡಿ. ಹಾಗೇ ಟ್ರ್ಯಾಕ್ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆಯಬೇಡಿ, ಬಹಳ ಪ್ಲೇಯರ್‌ಗಳು ಅದನ್ನು ಸಂಖ್ಯೆ ಅಂತ ಗುರುತಿಸುವುದಿಲ್ಲ. ನನಗೂ ಬೇಸರವೇ, ಆದರೆ ಸದ್ಯಕ್ಕೆ ಹೀಗಿದೆ.

ಕೋಥ್ರೂಡ್ ಮನೆ, ಪುಣೆ

ಹೌದು, ಪತ್ರಿಕೆಯಿಂದಲೇ ತೆಗೆದದ್ದು! ಸರಿಹೋಯಿತು, ಈಗ ಒಬ್ಬರೇ ಭೀಮಸೇನರು.

ಇನ್ನು ಹದಿನಾಲ್ಕು ಬದಿಗಳಿಗೆ ಕಾರ್ಡ್ ಇಲ್ಲ. ಒಂದು ದನಿ ಬಸವರಾಜ ರಾಜಗುರುಗಳದ್ದೇ ಅನಿಸುತ್ತದೆ. ಅವರ ಹೆಸರೇ ಬರೆದುಬಿಡಲಾ?

ಠಾಣೆ ಧ್ವನಿ

ಬೇಡ ಮೇಡಂ. ಕಲಾವಿದರ ಜಾಗದಲ್ಲಿ "ತಿಳಿದಿಲ್ಲ" ಅಂತ ಬರೆಯಿರಿ. ಕಾಮೆಂಟ್ ಜಾಗದಲ್ಲಿ "ರಾಜಗುರುಗಳಿರಬಹುದು, ಕೇಳಿ ಊಹಿಸಿದ್ದು" ಅಂತ ತಾರೀಕು ಹಾಕಿ ಬರೆದಿಡಿ. ಟ್ಯಾಗಿನಲ್ಲಿ ಒಮ್ಮೆ ಹೆಸರು ಕೂತರೆ ಅದು ನಕಲಾಗುತ್ತಾ ಹೋಗುತ್ತದೆ, ಆಮೇಲೆ ಊಹೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ "ಕಾಮೆಂಟ್‌ನಲ್ಲಿ ಊಹಿಸಿದ್ದು ಅಂತ ಇರುವುದು" ಅನ್ನುವ ಒಂದು ಆಟೋಪ್ಲೇಲಿಸ್ಟ್ ಮಾಡಿಕೊಳ್ಳಿ, ಆ ಹದಿನಾಲ್ಕೂ ಒಂದೇ ಕಡೆ ಸಿಗುತ್ತವೆ. ಧಾರವಾಡ ಕಡೆಯ ಹಳಬರು ಯಾರಾದರೂ ಮನೆಗೆ ಬಂದಾಗ ಚಹಾ ಕೊಟ್ಟು ಅದನ್ನು ಹಾಕಿ ಕೇಳಿಸಿ. ಗುರುತು ಹಿಡಿದದ್ದು ತಾನಾಗಿ ಪಟ್ಟಿಯಿಂದ ಬಿಟ್ಟುಹೋಗುತ್ತದೆ, ನೀವು ಕಾಮೆಂಟ್ ಅಳಿಸಿದ ಕೂಡಲೇ.